ಪುಣೆಯಿಂದ ಸಹ್ಯಾದ್ರಿಯ ಘಾಟಿಗಳಿಗೆ ಸೈಕಲ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕಾಗಿ ಪುಣೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಭಾನುವಾರ ಬೆಳಗ್ಗೆ ಸೈಕಲ್ ಹೊರತೆಗೆಯುವವರ ಸಂಖ್ಯೆ ಹೆಚ್ಚುತ್ತಿದೆ. ನಗರದ ಸುತ್ತ ಒಂದಷ್ಟು ತಿಂಗಳು ಓಡಾಡಿದ ಮೇಲೆ ಎಲ್ಲರ ಕಣ್ಣೂ ಪಶ್ಚಿಮದ ಬೆಟ್ಟಗಳತ್ತ ಹೊರಳುತ್ತದೆ. ಆಗ ನಮ್ಮ ಬಳಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ಊರಲ್ಲಿ ಆಗುಂಬೆ, ಚಾರ್ಮಾಡಿಗಳನ್ನು ನೋಡಿದ್ದೇನೆ. ಇಲ್ಲಿನ ಘಾಟಿಗಳಲ್ಲಿ ಬೇರೆ ಏನಿದೆ?

ಬೆಟ್ಟಸಾಲು ಅದೇ. ಮರಾಠಿಯ ‘ಘಾಟ್’ ನಮ್ಮ ‘ಘಾಟಿ’ಯೇ. ಮುಖ್ಯವಾದ ವ್ಯತ್ಯಾಸವಿರುವುದು ನೀವು ಹೊರಡುವ ಜಾಗದಲ್ಲಿ. ಉಡುಪಿ ಕಡೆಯಿಂದ ಹೊರಟವನು ಸೋಮೇಶ್ವರದಲ್ಲಿ ಏರಲಾರಂಭಿಸಿ, ಆಗುಂಬೆಯ ಹದಿನಾಲ್ಕು ತಿರುವುಗಳನ್ನು ದಾಟಿ ಮೇಲೆ ನಿಲ್ಲುತ್ತಾನೆ. ಮರಳುವಾಗ ಅವನಿಗೆ ಬರೀ ಇಳಿಜಾರು. ಪುಣೆ ಇರುವುದು ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಇಲ್ಲಿಂದ ಕೊಂಕಣದ ಕಡೆ ಹೊರಟರೆ ಮೊದಲು ಸಿಗುವುದು ಇಳಿಜಾರು, ಏರು ಸಿಗುವುದು ಮರಳುವಾಗ. ಅಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ, ನೀರಿನ ಬಾಟಲಿ ಬರಿದಾಗಿರುತ್ತದೆ, ತೊಡೆಗಳಲ್ಲಿ ಎಂಬತ್ತು ಕಿಲೋಮೀಟರ್‌ನ ಆಯಾಸ ಕೂತಿರುತ್ತದೆ. ಬೆಳಗಿನ ಇಳಿಜಾರಿನ ಸುಖ ಸಾಲ ಮಾಡಿ ತುಪ್ಪ ತಿಂದಂತೆ ಎಂಬುದು ಘಾಟಿಯ ಬುಡದಲ್ಲಿ ಸೈಕಲ್ ತಿರುಗಿಸಿದಾಗಲೇ ಗೊತ್ತಾಗುವುದು. ಈ ಪುಟದಲ್ಲಿ ಹೇಳಿರುವ ಬಹುತೇಕ ಎಚ್ಚರಿಕೆಗಳು ಈ ಒಂದು ಸಂಗತಿಯಿಂದಲೇ ಹುಟ್ಟಿದವು. ಮುಂಬೈ ಕಡೆಯಿಂದ ಬರುವವರಿಗೆ ಲೆಕ್ಕ ಆಗುಂಬೆಯಂತೆಯೇ ಇರುತ್ತದೆ. ಅವರು ಏರಿ ಬಂದು ಇಳಿದು ಹೋಗುತ್ತಾರೆ.

ಮೊದಲ ಸಲ ಯಾವ ಘಾಟಿಗೆ ಹೋಗಬೇಕು?

ನಗರಕ್ಕೆ ಅಂಟಿಕೊಂಡಿರುವ ಹಳೆಯ ಕಾತ್ರಜ್ ಘಾಟಿಗೆ ಹೋಗಿ. ಬೆದರಿಸುವಷ್ಟು ಉದ್ದವಿಲ್ಲದ ಏರು, ಮೇಲೆ ಹಳೆಯ ಸುರಂಗ, ಬೇಕೆನಿಸಿದಾಗ ಅರ್ಧದಲ್ಲೇ ಮರಳಬಹುದಾದ ಸೌಕರ್ಯ ಎಲ್ಲವೂ ಅಲ್ಲಿವೆ. ಸುರಂಗದೊಳಗೆ ಹೋಗುವುದಾದರೆ ಮುಂದೆ ಹಿಂದೆ ದೀಪವಿರಲೇಬೇಕು. ಕೊಂಢವಾದಿಂದ ಸಾಸವಡಕ್ಕೆ ಹೋಗುವ ಬೋಪದೇವ ಘಾಟಿ ಇದಕ್ಕಿಂತ ಕಡಿದು. ಹಡಪಸರದಿಂದ ಅದೇ ಸಾಸವಡಕ್ಕೆ ಹೋಗುವ ದಿವೆ ಘಾಟಿ ಅಗಲವಾಗಿದ್ದರೂ ವಾಹನಗಳ ಕಾಟ ಹೆಚ್ಚು. ಆಷಾಢದ ವಾರಿ ಎಂಬ ಪಾದಯಾತ್ರೆಯಲ್ಲಿ ಸಂತ ಜ್ಞಾನೇಶ್ವರರ ಪಾಲಖಿ ದಿವೆ ಘಾಟಿಯನ್ನೇರಿ ಪಂಢರಪುರದತ್ತ ಸಾಗುತ್ತದೆ. ಆ ದಿನ ಅಲ್ಲಿಗೆ ಹೋಗುವುದಾದರೆ ಸೈಕಲ್ ಮನೆಯಲ್ಲೇ ಇರಲಿ.

ಈ ಮೂರೂ ಸಲೀಸೆನಿಸಿದ ಮೇಲೆ ಸಿಂಹಗಡವನ್ನು ಹತ್ತಬಹುದು. ಕೋಟೆಯ ಎತ್ತರ 1,312 ಮೀಟರ್. ಬೆಟ್ಟದ ಬುಡದಿಂದ ಮೇಲಿನ ವಾಹನ ನಿಲ್ದಾಣಕ್ಕೆ ಸುಮಾರು 9 ಕಿ.ಮೀ. ದಾರಿ. ನಡುನಡುವೆ ಬರುವ ಕಡಿದಾದ ತಿರುವುಗಳಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯದೆ ಬೇರೆ ದಾರಿಯಿಲ್ಲ. ಪುಣೆಯ ಸೈಕಲ್ ಸವಾರರು ತಮ್ಮ ಶಕ್ತಿಯನ್ನು ಅಳೆದುಕೊಳ್ಳುವುದು ಈ ಏರಿನಲ್ಲೇ. ಸಿಂಹಗಡವನ್ನು ಕಾಲು ನೆಲಕ್ಕೂರದೆ ಹತ್ತಿದವರು ಈ ಪುಟದ ಉಳಿದ ಘಾಟಿಗಳ ಬಗ್ಗೆ ಯೋಚಿಸಬಹುದು ಎಂಬುದು ನಮ್ಮ ಅಭಿಪ್ರಾಯ.

ತಾಮ್ಹಿಣಿ ಘಾಟಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ಒಂದೇ ದಿನದಲ್ಲಿ ಮುಗಿಸಬಹುದೇ?

ಎಲ್ಲಿಯವರೆಗೆ ಹೋಗುತ್ತೀರಿ ಎಂಬುದರ ಮೇಲೆ ಅವಲಂಬಿಸಿದೆ. ಚಾಂದನಿ ಚೌಕದಿಂದ ಪಿರಂಗುಟ್, ಪೌಡ್ ಮೂಲಕ ಮುಳಶಿ ಕೆರೆಯ ದಂಡೆಗೆ ಬರುವವರೆಗೆ ದಾರಿ ಏಳುತ್ತ ಬೀಳುತ್ತ ಸಾಗುತ್ತದೆ. ಪಿರಂಗುಟ್‌ನ ಏರು ಮತ್ತು ಅಲ್ಲಿನ ಕಾರ್ಖಾನೆಗಳ ಲಾರಿಗಳನ್ನು ಬೆಳಗಿನ ಏಳಕ್ಕೆ ಮೊದಲೇ ದಾಟಿಬಿಡುವುದು ಒಳ್ಳೆಯದು. ಕೆರೆಯ ಅಂಚು ಹಿಡಿದ ಮೇಲೆ ಕಾಡು ಶುರುವಾಗುತ್ತದೆ. ರಸ್ತೆ ಮರಗಳ ನೆರಳಿನಲ್ಲಿ ಸುತ್ತಿ ಸುತ್ತಿ ಹೋಗಿ, ತಾಮ್ಹಿಣಿ ಊರನ್ನು ದಾಟಿ, ಒಮ್ಮೆಲೇ ಕೊಂಕಣದತ್ತ ಬಾಗುತ್ತದೆ. ಎಡಗಡೆ ಕಣಿವೆ ತೆರೆದುಕೊಳ್ಳುವ ಆ ತಿರುವಿನಲ್ಲಿ ಅರ್ಧದಷ್ಟು ಜನ ಫೋಟೊ ತೆಗೆಯಲು ನಿಲ್ಲುತ್ತಾರೆ, ಉಳಿದರ್ಧ ಜನ ಅವರಿಗೆ ಡಿಕ್ಕಿ ಹೊಡೆಯದಂತೆ ಬ್ರೇಕ್ ಹಿಡಿಯುತ್ತಾರೆ.

ಮೊದಲ ಸಲ ಹೋದವರು ಈ ತಿರುವಿನಿಂದಲೇ ಮರಳುವುದು ಜಾಣತನ. ಅಷ್ಟಕ್ಕೇ ಹೋಗಿಬರುವ ದೂರ ನೂರು ಕಿಲೋಮೀಟರ್ ದಾಟುತ್ತದೆ. ಕೆಳಗಿಳಿದು ವಿಳೆ, ನಿಜಾಂಪುರ ಮೂಲಕ ಮಾಣಗಾಂವ್ ಮುಟ್ಟಿದರೆ ಪುಣೆಯಿಂದ ಸುಮಾರು 100 ಕಿ.ಮೀ. ಆಗುತ್ತದೆ. ಅಲ್ಲಿಂದ ಅದೇ ದಿನ ಮರಳುವುದಾದರೆ ಮಧ್ಯಾಹ್ನದ ಸೆಕೆಯಲ್ಲಿ ಸಮುದ್ರಮಟ್ಟದ ಹತ್ತಿರದಿಂದ ಇಡೀ ಘಟ್ಟವನ್ನು ಏರಬೇಕು. ಡಿಸೆಂಬರಿನಲ್ಲಿ ಪುಣೆಯಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಾಡಿನ ತಿರುವುಗಳಲ್ಲಿ ಕತ್ತಲು ಅದಕ್ಕಿಂತ ಮೊದಲೇ ಬರುತ್ತದೆ. ಹೀಗಾಗಿ ಮಧ್ಯಾಹ್ನ ಎರಡಕ್ಕೆ ಘಾಟಿಯ ಬುಡದಲ್ಲಿ ಏರಲು ಸಿದ್ಧರಿರಬೇಕು ಎಂದು ನಾವು ಗಡಿ ಹಾಕಿಕೊಂಡಿದ್ದೇವೆ. ಅದು ತಪ್ಪಿದರೆ ಕೆಳಗೇ ಉಳಿಯುವುದು ಮೇಲು.

ಮುಳಶಿ ಕೆರೆಯ ಬಗ್ಗೆ ಒಂದು ಮಾತು. ಮುಳಾ ನದಿಯ ನೀರು ಭೀಮೆಯನ್ನು ಸೇರಿ, ಅಫಜಲಪುರ, ಕಲಬುರಗಿ ಸೀಮೆಯನ್ನು ಹಾಯ್ದು ಕೃಷ್ಣೆಗೆ ಬೀಳಬೇಕಾದದ್ದು. ಟಾಟಾ ಸಂಸ್ಥೆ ಕಟ್ಟಿದ ಈ ಅಣೆಕಟ್ಟು ಇಲ್ಲಿನ ನೀರನ್ನು ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿರಾ ವಿದ್ಯುದಾಗಾರಕ್ಕೆ ಇಳಿಸುತ್ತದೆ. 1921ರಲ್ಲಿ ಸೇನಾಪತಿ ಬಾಪಟ್ ಮುಳುಗಡೆಯ ರೈತರ ಪರವಾಗಿ ಸತ್ಯಾಗ್ರಹ ನಡೆಸಿದ್ದು ಇದೇ ಅಣೆಕಟ್ಟಿನ ವಿರುದ್ಧ. ದಂಡೆಯ ಮೇಲೆ ನಿಂತು ಬಾಳೆಹಣ್ಣು ಸುಲಿಯುವಾಗ ಇದು ನೆನಪಿದ್ದರೆ ಆ ನೀರು ಬೇರೆಯಾಗಿ ಕಾಣುತ್ತದೆ.

ಲೋಣಾವಳಾ–ಖಂಡಾಳಾ ಕಡೆಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಬಹುದೇ?

ಇಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್‌ಗೂ ಬೈಕ್‌ಗೂ ಪ್ರವೇಶವಿಲ್ಲ. ಹಳೆಯ ಹೆದ್ದಾರಿಯಲ್ಲಿ ಹೋಗಬೇಕು. ಘಾಟಿಯ ಭಾಗದಲ್ಲಿ ಎರಡೂ ರಸ್ತೆಗಳು ಕೆಲದೂರ ಕೂಡಿಕೊಳ್ಳುವುದರಿಂದ ಅಲ್ಲಿ ಫಲಕಗಳನ್ನು ಗಮನವಿಟ್ಟು ನೋಡಬೇಕು. ಖೋಪೋಲಿಯಿಂದ ಏರುವ ಬೋರ್ ಘಾಟಿ ಈ ಭಾಗದ ಹಳೆಯ ದಾರಿಗಳಲ್ಲೊಂದು. ಬ್ರಿಟಿಷರು ಇಲ್ಲಿ ಗಾಡಿರಸ್ತೆ ತೆರೆದದ್ದು 1830ರಲ್ಲಿ, ರೈಲು ಏರಿದ್ದು 1863ರಲ್ಲಿ. ಹಳೆಯ ರಸ್ತೆಯ ಪಕ್ಕದಲ್ಲಿ ಶಿಂಗ್ರೋಬಾನ ಗುಡಿಯಿದೆ. ಬ್ರಿಟಿಷರಿಗೆ ಘಟ್ಟ ದಾಟುವ ದಾರಿ ತೋರಿಸಿಕೊಟ್ಟು, ಅವರ ಕೈಯಲ್ಲೇ ಸತ್ತ ಕುರಿ ಕಾಯುವ ಧನಗರನ ಗುಡಿಯದು ಎಂದು ಜನ ಹೇಳುತ್ತಾರೆ. ಲಾರಿ ಚಾಲಕರು ಅಲ್ಲಿ ನಾಣ್ಯ ಎಸೆದು ಮುಂದೆ ಹೋಗುವುದನ್ನು ನೋಡಬಹುದು.

ಮಹಾಬಳೇಶ್ವರದ ದಾರಿ ಹೇಗಿದೆ?

ನಮ್ಮನ್ನು ಕೇಳಿದರೆ ಕನ್ನಡದ ಸೈಕಲ್ ಸವಾರ ಒಮ್ಮೆಯಾದರೂ ಹೋಗಲೇಬೇಕಾದ ದಾರಿ ಇದು. ಪುಣೆಯಿಂದ ಸುಮಾರು 120 ಕಿ.ಮೀ. ದೂರ. ಸಾತಾರಾ ಹೆದ್ದಾರಿಯಲ್ಲಿ ಖಂಬಾಟಕಿ ಘಾಟಿ ದಾಟಿ ವಾಯಿಗೆ ತಿರುಗಿದರೆ ಕೃಷ್ಣಾ ನದಿಯ ದಂಡೆಯ ಗುಡಿಗಳು ಎದುರಾಗುತ್ತವೆ. ವಾಯಿಯಿಂದ ಪಂಚಗಣಿಗೆ ಪಸರಣಿ ಘಾಟಿ: ಸುಮಾರು 12 ಕಿ.ಮೀ.ಯಲ್ಲಿ 550 ಮೀಟರ್‌ಗಿಂತ ಹೆಚ್ಚು ಏರಿಕೆ. ಏರು ಒಂದೇ ಹದದಲ್ಲಿರುವುದರಿಂದ ಒಮ್ಮೆ ಲಯ ಸಿಕ್ಕರೆ ಕಾಲುಗಳು ತಮ್ಮಷ್ಟಕ್ಕೆ ತಿರುಗುತ್ತವೆ. ಅರ್ಧ ಏರಿದ ಮೇಲೆ ಹಿಂತಿರುಗಿ ನೋಡಿದರೆ ಧೋಮ್ ಜಲಾಶಯ ಕೆಳಗೆ ಹರಡಿಕೊಂಡಿರುತ್ತದೆ.

ಮಹಾಬಳೇಶ್ವರದ ಪೇಟೆಯಲ್ಲಿ ನಿಲ್ಲದೆ ಹಳೆಯ ಕ್ಷೇತ್ರಕ್ಕೆ ಹೋಗಿ. ಅಲ್ಲಿನ ಪಂಚಗಂಗಾ ದೇವಾಲಯವನ್ನು ಕೃಷ್ಣಾ, ವೆಣ್ಣಾ, ಕೊಯ್ನಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳ ಉಗಮವೆಂದು ನಂಬುತ್ತಾರೆ. ಚಿಕ್ಕೋಡಿ, ಜಮಖಂಡಿ, ಆಲಮಟ್ಟಿಗಳಲ್ಲಿ ನಾವು ಕಂಡ ಆ ಅಗಲದ ಕೃಷ್ಣೆ ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟಿದ್ದಾಳೆ. ಇಷ್ಟು ಹತ್ತಿರ ಹುಟ್ಟಿದರೂ ಸಾವಿತ್ರಿ ಪಶ್ಚಿಮಕ್ಕೆ ಇಳಿದು ಪೋಲಾದಪುರ, ಮಹಾಡ್ ದಾಟಿ ಅರಬ್ಬೀ ಸಮುದ್ರ ಸೇರುತ್ತಾಳೆ, ಕೃಷ್ಣೆ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ.

ಸಾವಿತ್ರಿಯ ಕಡೆಗೆ ಇಳಿಯುವ ರಸ್ತೆಯೇ ಅಂಬೇನಳಿ ಘಾಟಿ. ಪ್ರತಾಪಗಡದ ಬುಡದಿಂದ ಹಾದು ಪೋಲಾದಪುರ ತಲುಪುವ ಸುಮಾರು 40 ಕಿ.ಮೀ.ಯಲ್ಲಿ 1,200 ಮೀಟರ್‌ಗಿಂತ ಹೆಚ್ಚು ಇಳಿಯುತ್ತೀರಿ. ದಟ್ಟ ಕಾಡು, ಕಿರಿದಾದ ರಸ್ತೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಇದನ್ನು ಎರಡು ದಿನದ ಪ್ರಯಾಣವಾಗಿಯೇ ಯೋಜಿಸಿ.

ವರಂಧಾ ಘಾಟಿ?

ಭೋರ್‌ನಿಂದ ಮಹಾಡ್‌ಗೆ ಹೋಗುವ ದಾರಿ. ನೀರಾ ದೇವಘರ್ ಜಲಾಶಯದ ಅಂಚಿನ ರಸ್ತೆ ನಿರ್ಜನ, ಸುಂದರ. ಘಾಟಿಯ ಕೆಳಗೆ ಸಮರ್ಥ ರಾಮದಾಸರು ವಾಸವಿದ್ದರೆನ್ನಲಾದ ಶಿವಥರ ಘಳ್ ಎಂಬ ಗುಹೆಯಿದೆ. ಮಳೆಗಾಲದಲ್ಲಿ ಈ ರಸ್ತೆ ಮತ್ತೆ ಮತ್ತೆ ಮುಚ್ಚುತ್ತದೆ, ಆದ್ದರಿಂದ ಭೋರ್‌ನಲ್ಲಿ ವಿಚಾರಿಸಿಯೇ ಮುಂದೆ ಹೋಗಿ.

ಎಂಥ ಸೈಕಲ್ ಬೇಕು? ಹಳೆಯ ರೇಸಿಂಗ್ ಸೈಕಲ್ ಸಾಕಾಗುವುದಿಲ್ಲವೇ?

ಸೈಕಲ್‌ನ ಬೆಲೆಗಿಂತ ಅದರ ಗೇರ್ ಮುಖ್ಯ. ಒಂದು ಸರಳ ಲೆಕ್ಕ ನೋಡಿ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 34 ಹಲ್ಲು, ಹಿಂದಿನದಕ್ಕೆ 32 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಒಂಬತ್ತು ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ವೇಗ ಸಿಗುತ್ತದೆ, ಮತ್ತು ಉದ್ದನೆಯ ಏರಿಗೆ ಸಾಮಾನ್ಯ ಸವಾರನ ಹದ ಇದೇ. ಹಳೆಯ ರೇಸಿಂಗ್ ಸೈಕಲ್‌ಗಳಲ್ಲಿ ಮುಂದೆ 39, ಹಿಂದೆ 25 ಹಲ್ಲು ಇರುತ್ತವೆ. ಅದರಲ್ಲಿ ಇದೇ ವೇಗಕ್ಕೆ ನಿಮಿಷಕ್ಕೆ 48 ಸುತ್ತಷ್ಟೇ ಬರುತ್ತದೆ, ಪ್ರತಿ ಸುತ್ತಿಗೂ ಮೊಣಕಾಲಿನ ಮೇಲೆ ಇಡೀ ಮೈಭಾರ ಹಾಕಬೇಕಾಗುತ್ತದೆ. ಇಪ್ಪತ್ತು ವರ್ಷದ ಹುಡುಗರು ಅದನ್ನೂ ತುಳಿಯುತ್ತಾರೆ. ಕಚೇರಿಯಲ್ಲಿ ವಾರವಿಡೀ ಕೂತವರು ಬೇಡ. ಹಿಂದಿನ ಕ್ಯಾಸೆಟ್ಟನ್ನು (ಹಲ್ಲುಚಕ್ರಗಳ ಗೊಂಚಲನ್ನು) 32 ಅಥವಾ 34 ಹಲ್ಲಿನದಕ್ಕೆ ಬದಲಿಸಿಕೊಳ್ಳುವುದು ಹೊಸ ಸೈಕಲ್ ಕೊಳ್ಳುವುದಕ್ಕಿಂತ ಅಗ್ಗ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲನ್ನು ತಾಳುತ್ತದೆಯೇ ಎಂದು ಮಾತ್ರ ಮೆಕ್ಯಾನಿಕ್‌ನನ್ನು ಕೇಳಿ. ಟಯರ್ 28 ಮಿ.ಮೀ. ಅಥವಾ ಅದಕ್ಕಿಂತ ಅಗಲವಾಗಿರಲಿ, ಮಳೆಗಾಲ ಕಳೆದ ಮೇಲಿನ ಘಾಟಿ ರಸ್ತೆಗಳು 23ರ ಟಯರಿಗೆ ಹೇಳಿ ಮಾಡಿಸಿದವಲ್ಲ.

ಇಳಿಯುವಾಗ ಬ್ರೇಕ್ ಹೇಗೆ ಹಿಡಿಯಬೇಕು?

ಈ ಪ್ರಶ್ನೆಗೆ ನನ್ನದೇ ಅನುಭವದಿಂದ ಉತ್ತರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಅಂಬೇನಳಿಯನ್ನು ಮೊದಲ ಬಾರಿ ಇಳಿಯುವಾಗ ಹೆದರಿಕೆಯಿಂದ ಎರಡೂ ಬ್ರೇಕ್‌ಗಳನ್ನು ಸಡಿಲಿಸದೆ, ಮೆಲ್ಲಗೆ ಒತ್ತಿಕೊಂಡೇ ಬಂದಿದ್ದೆ. ನಿಧಾನ ಹೋದರೆ ಸುರಕ್ಷಿತ ಎಂಬುದು ನನ್ನ ಎಣಿಕೆ. ಹತ್ತು ಕಿಲೋಮೀಟರ್ ಇಳಿಯುವಷ್ಟರಲ್ಲಿ ರಬ್ಬರ್ ಸುಟ್ಟ ವಾಸನೆ ಬಂತು. ಚಹಾ ಅಂಗಡಿಯೊಂದರ ಮುಂದೆ ಸೈಕಲ್ ನಿಲ್ಲಿಸಿದ ಅರ್ಧ ನಿಮಿಷಕ್ಕೆ ಹಿಂದಿನ ಚಕ್ರದಿಂದ ಪಟಾಕಿ ಸಿಡಿದಂಥ ಸದ್ದು. ಟ್ಯೂಬ್ ಒಡೆದಿತ್ತು. ಏನಾಯಿತೆಂದು ನೋಡಲು ರಿಮ್ ಮುಟ್ಟಿದಾಗ ಬೆರಳು ಚುರ್ ಎಂದಿತು. ಅಂಗಡಿಯಾಕೆ ಒಂದು ಚೊಂಬು ನೀರು ತಂದು ನನ್ನ ಕೈಗೆ ಹಾಕಿ, ಚಕ್ರಕ್ಕೆ ಹಾಕುವುದು ಬೇಡ ಎಂದು ತಲೆಯಾಡಿಸಿದಳು. ಚಲಿಸುತ್ತಿರುವಾಗ ಮುಂದಿನ ಟ್ಯೂಬ್ ಒಡೆದಿದ್ದರೆ ಈ ಪುಟವನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ಕಾರಣ ಸರಳ. ಸವಾರ ಮತ್ತು ಸೈಕಲ್ ಸೇರಿ 85 ಕಿಲೊ ತೂಕವೆಂದರೆ, 1,200 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಮೂರು ಲೀಟರ್ ನೀರನ್ನು ಕುದಿಸುವಷ್ಟಿದೆ. ವೇಗವಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎದುರುಗಾಳಿ ತೆಗೆದುಕೊಳ್ಳುತ್ತದೆ. ಬ್ರೇಕ್ ಒತ್ತಿಕೊಂಡು ನಿಧಾನ ಇಳಿದರೆ ಬಹುಪಾಲು ಶಾಖವಾಗಿ ರಿಮ್‌ಗೆ ಹೋಗುತ್ತದೆ. ಆದ್ದರಿಂದ ನೇರ ರಸ್ತೆಯಲ್ಲಿ ಬ್ರೇಕ್ ಬಿಟ್ಟು, ತಿರುವಿಗೆ ಸಾಕಷ್ಟು ಮೊದಲೇ ಎರಡೂ ಬ್ರೇಕ್‌ಗಳನ್ನು ಗಟ್ಟಿಯಾಗಿ ಹಿಡಿದು, ವೇಗ ಇಳಿಸಿ, ತಿರುವಿನೊಳಗೆ ಮತ್ತೆ ಬಿಡಬೇಕು. ತಿರುವಿನ ನಡುವೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಅದರಲ್ಲೂ ಜಲ್ಲಿ ಅಥವಾ ಒದ್ದೆ ಎಲೆಗಳಿದ್ದರೆ. ನಡುನಡುವೆ ನಿಂತು ರಿಮ್ ಆರಲು ಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಟ್ಯೂಬ್‌ಗೆ ಶಾಖ ತಾಗುವುದಿಲ್ಲ, ಆದರೆ ಡಿಸ್ಕನ್ನು ಮಾತ್ರ ಮುಟ್ಟಬೇಡಿ. ತಿರುವಿನಲ್ಲಿ ಎದುರಿನಿಂದ ಬರುವ ಬಸ್ಸು ನಿಮ್ಮ ಪಾಲಿನ ರಸ್ತೆಯನ್ನೂ ಬಳಸುತ್ತದೆ ಎಂದೇ ತಿಳಿದು ಎಡಕ್ಕೆ ಅಂಟಿಕೊಂಡಿರಿ.

ಮಳೆಗಾಲದಲ್ಲಿ ಜಲಪಾತಗಳನ್ನು ನೋಡಲು ಹೋಗಬಹುದೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಂಚಿಗೆ ಹೋಗಬೇಡಿ ಎಂದೇ ನಮ್ಮ ಸಲಹೆ. ಯಾರೂ ಕೇಳುವುದಿಲ್ಲ ಎಂಬುದೂ ನಮಗೆ ಗೊತ್ತು. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯಾದರೆ ಮಹಾಬಳೇಶ್ವರದಲ್ಲಿ 5,000 ಮಿ.ಮೀ. ದಾಟುತ್ತದೆ. ನಗರದಲ್ಲಿ ಬಿಸಿಲಿದೆ ಎಂದು ಹೊರಟವರಿಗೆ ಮೂರು ಗಂಟೆಯಲ್ಲಿ ಬೇರೆಯೇ ಆಕಾಶ ಎದುರಾಗುತ್ತದೆ. ಮಳೆ ನೆನೆಸುತ್ತದೆ ಎಂಬುದು ಇಲ್ಲಿ ದೊಡ್ಡ ಮಾತಲ್ಲ. ಇಲ್ಲಿನ ಬೆಟ್ಟಗಳು ಪದರ ಪದರವಾದ ಕಪ್ಪು ಬಸಾಲ್ಟ್ ಬಂಡೆಯವು. ಬಂಡೆಯ ಬಿರುಕುಗಳಿಗೂ ಮೇಲಿನ ಸಡಿಲ ಮಣ್ಣಿಗೂ ನೀರು ತುಂಬಿದಾಗ ಇಳಿಜಾರೇ ಜಾರಿ ಬರುತ್ತದೆ. ಇದೇ ಪುಣೆ ಜಿಲ್ಲೆಯ ಮಾಳೀಣ್ ಗ್ರಾಮ 2014ರ ಜುಲೈ 30ರಂದು ಬೆಳಗ್ಗೆ ಗುಡ್ಡ ಕುಸಿದು ಮಣ್ಣಿನಡಿ ಹೋಯಿತು. ಹೋಗಲೇಬೇಕೆಂದರೆ ಕಾತ್ರಜ್ ಅಥವಾ ಬೋಪದೇವಕ್ಕೆ ತೃಪ್ತಿಪಡಿ. ಒದ್ದೆಯಲ್ಲಿ ರಿಮ್ ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು, ರಸ್ತೆಯಂಚಿನ ಪಾಚಿ ಎಣ್ಣೆ ಸುರಿದಂತೆ ಜಾರುತ್ತದೆ. ಹಸಿರು ಉಳಿದು ಮಳೆ ಹೋದ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಘಾಟಿಗಳಿಗೆ ಅತ್ಯುತ್ತಮ ಕಾಲ.

ದಾರಿಯಲ್ಲಿ ಏನು ತಿನ್ನಬೇಕು?

85 ಕಿಲೊ ಭಾರವನ್ನು 500 ಮೀಟರ್ ಮೇಲೆತ್ತಲು ದೇಹ ಖರ್ಚು ಮಾಡುವುದು ಸುಮಾರು 400 ಕ್ಯಾಲೊರಿ, ಅಂದರೆ ಒಂದು ಒಳ್ಳೆಯ ತಿಂಡಿಯಷ್ಟು. ಹಸಿವಾದ ಮೇಲೆ ತಿಂದರೆ ತಡವಾಯಿತೆಂದೇ ಅರ್ಥ. ಪ್ಯಾಕೆಟ್ಟಿನ ವಿದೇಶಿ ಜೆಲ್‌ಗಳಿಗೆ ದುಡ್ಡು ಸುರಿಯುವ ಅಗತ್ಯವನ್ನು ನಾವಂತೂ ಕಂಡಿಲ್ಲ. ಶೇಂಗಾ ಬೆಲ್ಲದ ಲೋಣಾವಳಾ ಚಿಕ್ಕಿಯನ್ನು ಸಣ್ಣ ತುಂಡು ಮಾಡಿ ಜೇಬಿನಲ್ಲಿಟ್ಟುಕೊಂಡು ಅರ್ಧ ಗಂಟೆಗೊಂದು ಬಾಯಿಗೆ ಹಾಕಿಕೊಂಡರೆ ಏರು ಮುಗಿಯುವವರೆಗೆ ಸಾಕು. ನೀರಿಗೆ ನಿಂಬೆ, ಉಪ್ಪು, ಸಕ್ಕರೆ. ಬೆಳಗ್ಗೆ ಹಳ್ಳಿಯ ಅಂಗಡಿಗಳಲ್ಲಿ ಪೋಹೆ ಸಿಗುತ್ತದೆ. ಮಿಸಳ್ ಮಾತ್ರ ಏರಿಗೆ ಮೊದಲು ಬೇಡ, ಅದರ ಖಾರ ಅರ್ಧ ಘಾಟಿಯಲ್ಲಿ ಲೆಕ್ಕ ಕೇಳುತ್ತದೆ. ಸಿಂಹಗಡದ ಮೇಲೆ ಪಿಠಲಾ–ಭಾಕರಿ ಮತ್ತು ಮಡಕೆಯ ಮೊಸರು ತಿನ್ನದೆ ಇಳಿಯುವವರಿಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ಅದು ಜುಣಕ ಮತ್ತು ರೊಟ್ಟಿಯ ಸೋದರಸಂಬಂಧಿ ಎಂದು ಮೊದಲ ತುತ್ತಿಗೇ ತಿಳಿಯುತ್ತದೆ.

ಮರಾಠಿ ಫಲಕಗಳು ಅರ್ಥವಾಗುವುದಿಲ್ಲ. ಯಾವುವನ್ನು ತಿಳಿದಿರಬೇಕು?

‘ದರಡ್’ ಎಂದರೆ ಕುಸಿಯುವ ಗುಡ್ಡ. ಆ ಪದವಿರುವ ಫಲಕದ ಕೆಳಗೆ ವಿಶ್ರಾಂತಿಗೆ ನಿಲ್ಲಬೇಡಿ. ‘ಅಪಘಾತ್‌ಪ್ರವಣ್ ಕ್ಷೇತ್ರ’ ಎಂದರೆ ಅಪಘಾತಗಳು ಆಗುವ ಜಾಗ, ‘ವಳಣ್’ ಎಂದರೆ ತಿರುವು, ‘ಸಾವಕಾಶ್’ ನಮ್ಮ ಸಾವಕಾಶವೇ. ‘ಖಿಂಡ್’ ಎಂದರೆ ಎರಡು ಬೆಟ್ಟಗಳ ನಡುವಿನ ಸಂದು, ಅಂದರೆ ಏರು ಮುಗಿಯಿತು ಎಂಬ ಸಿಹಿ ಸುದ್ದಿ. ದಾರಿ ಕೇಳುವಾಗ ‘ಚಢ್ ಆಹೇ ಕಾ?’ ಎಂದರೆ ಏರಿದೆಯೇ ಎಂದು ಕೇಳಿದಂತೆ. ಮೋಟರ್‌ಸೈಕಲ್‌ನಲ್ಲಿ ಓಡಾಡುವವರು ‘ಇಲ್ಲ’ ಎಂದರೆ ನಂಬಬೇಡಿ.

ಕಾಡುಪ್ರಾಣಿಗಳ ಭಯವಿದೆಯೇ?

ಹಗಲಿನಲ್ಲಿ ಭಯಪಡಬೇಕಾದದ್ದು ಮಂಗಗಳಿಗೆ ಮತ್ತು ಹಳ್ಳಿಯ ನಾಯಿಗಳಿಗೆ. ಮಂಗಗಳ ಎದುರು ತಿಂಡಿ ಬಿಚ್ಚಬೇಡಿ, ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್‌ನಿಂದಿಳಿದು ಅದನ್ನು ನಡುವೆ ಹಿಡಿದು ನಡೆಯಿರಿ. ಭೀಮಾಶಂಕರದ ಕಡೆ ಹೋದರೆ ಮರಗಳ ತುದಿಯಲ್ಲಿ ಮಹಾರಾಷ್ಟ್ರದ ರಾಜ್ಯಪ್ರಾಣಿಯಾದ ಶೇಕರು, ಅಂದರೆ ದೊಡ್ಡ ಕೆಂದಳಿಲು, ಕಾಣುವ ಸಾಧ್ಯತೆಯಿದೆ.

ಒಬ್ಬರೇ ಹೋಗಬಹುದೇ?

ಕಾತ್ರಜ್, ಸಿಂಹಗಡಗಳಿಗೆ ಹೋಗಬಹುದು. ಭಾನುವಾರ ಅಲ್ಲಿ ನಿಮ್ಮಂಥವರು ಬೇಕಾದಷ್ಟು ಜನ ಸಿಗುತ್ತಾರೆ. ತಾಮ್ಹಿಣಿ, ವರಂಧಾ, ಅಂಬೇನಳಿಗಳಿಗೆ ಕನಿಷ್ಠ ಮೂವರಿರಲಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದ ಉದ್ದುದ್ದ ಜಾಗಗಳಿವೆ, ಬಿದ್ದವರ ಬಳಿ ಒಬ್ಬರು ಉಳಿದು ಇನ್ನೊಬ್ಬರು ಸಹಾಯಕ್ಕೆ ಹೋಗಬೇಕಾಗುತ್ತದೆ. ಎರಡು ಟ್ಯೂಬ್, ಪಂಪ್, ಟಯರ್ ಲಿವರ್, ಚೈನ್ ಬಿಚ್ಚುವ ಉಪಕರಣ ಪ್ರತಿಯೊಬ್ಬರ ಬಳಿಯೂ ಇರಬೇಕು. ಒಬ್ಬರು ತಂದರೆ ಸಾಕೆಂದುಕೊಂಡಾಗ ಆ ಒಬ್ಬರೇ ಎಲ್ಲರಿಗಿಂತ ಮುಂದೆ ಹೋಗಿರುತ್ತಾರೆ.

ಬಿ.ಆರ್.ಎಂ. ಎಂದರೆ ರೇಸೇ?

ಅಲ್ಲ. ನಿಗದಿತ ಸಮಯದೊಳಗೆ ದೂರ ಮುಗಿಸುವ ಸವಾರಿ ಅದು. ಮೊದಲು ಬಂದವರಿಗೆ ಬಹುಮಾನವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ದಾರಿಯಲ್ಲಿ ಘಾಟಿ ಇದ್ದರೂ ಗಡುವು ಬದಲಾಗುವುದಿಲ್ಲ.

ಪುಣೆಯಿಂದ ಊರಿಗೇ ಸೈಕಲ್‌ನಲ್ಲಿ ಹೋಗಬಹುದೇ?

ಬೆಳಗಾವಿಯವರೆಗೆ ಸುಮಾರು 340 ಕಿ.ಮೀ. ಹೆದ್ದಾರಿ ನೇರವಾಗಿದೆ. ಮೊದಲ ದಿನ ಖಂಬಾಟಕಿ ಏರಿ ಸಾತಾರಾದಲ್ಲಿ ಅಥವಾ ಕರಾಡದಲ್ಲಿ ಉಳಿದು, ಎರಡನೆಯ ದಿನ ಕೊಲ್ಹಾಪುರ ದಾಟಿ ನಿಪ್ಪಾಣಿ ಮುಟ್ಟುವುದು ಹಿತವಾದ ಹಂಚಿಕೆ. ಕೊಗನೊಳ್ಳಿಯಲ್ಲಿ ಗಡಿ ದಾಟಿದ ಮೇಲೆ ಫಲಕಗಳಲ್ಲಿ ಕನ್ನಡ ಶುರುವಾಗುತ್ತದೆ. ಮೂರನೆಯ ದಿನ ನಿಪ್ಪಾಣಿಯಿಂದ ಹೊರಟ ಸ್ವಲ್ಪ ಹೊತ್ತಿಗೇ ತವಂದಿ ಘಾಟಿ ಬರುತ್ತದೆ. ಲಾರಿಗಳೂ ಅದನ್ನು ನಿಮ್ಮ ಜೊತೆಗೇ, ನಿಮ್ಮಷ್ಟೇ ನಿಧಾನವಾಗಿ ಹೊಗೆ ಬಿಡುತ್ತ ಏರುವುದರಿಂದ, ಬೆಳಗ್ಗೆ ಆರಕ್ಕೆ ಮೊದಲೇ ನಿಪ್ಪಾಣಿ ಬಿಡಿ.